ಮಾಗಳದ ದೋಣಿಗೆ ಉಷ್ಣ ಆದದ್ದು

ದೇವರು ಕಣ್ಣು, ಕಿವಿ, ಮೂಗನ್ನೆಲ್ಲ ಮಾಗಳದ ದೋಣಿ ಹನುಮಣ್ಣನಿಗೂ ನಮ್ಮ ನಿಮ್ಮ ಹಾಗೆಯೇ ಕೊಟ್ಟಿದ್ದ. ನಾಲಿಗೆಯನ್ನು ಮಾತ್ರ ಬೇರೆ ಕಡೆಯಿಂದ ತರಿಸಿ ಹಾಕಿದ್ದ ಅಂತ ಕಾಣುತ್ತದೆ. ಇಂಜಿನ್ನಿನಿಂದ ಏನೇ ಸೋರಲಿ, ಹನುಮಣ್ಣ ಬೆರಳಿನ ತುದಿಗೆ ಹಚ್ಚಿಕೊಂಡು ನಾಲಿಗೆಗೆ ಮುಟ್ಟಿಸುತ್ತಿದ್ದ, ಕಣ್ಣು ಮುಚ್ಚುತ್ತಿದ್ದ, ಪಕ್ಕಕ್ಕೆ ಉಗುಳುತ್ತಿದ್ದ. ಆಮೇಲೆ "ಡೀಸಲ್. ಹೋದ ವಾರದ್ದು" ಅಂತಲೋ, "ಆಯಿಲ್, ಆದ್ರ ಮುಪ್ಪಾಗೇತಿ" ಅಂತಲೋ ತೀರ್ಪು ಕೊಡುತ್ತಿದ್ದ. ನೋಡುತ್ತ ನಿಂತವರು ಮುಖ ಆಚೆ ತಿರುಗಿಸುತ್ತಿದ್ದರು. ಅವನಿಗೆ ಏನೂ ಆಗುತ್ತಿರಲಿಲ್ಲ.

ಅವನ ದೋಣಿ ಕಬ್ಬಿಣದ್ದು. ತುಂಗಭದ್ರೆಯ ಈಚೆ ದಂಡೆಯಿಂದ ಆಚೆ ದಂಡೆಗೆ ಮಂದಿ, ಸೈಕಲ್ಲು, ಮೋಟಾರ್ ಸೈಕಲ್ಲು, ಒಮ್ಮೊಮ್ಮೆ ಮನಸ್ಸಿಲ್ಲದ ಎಮ್ಮೆ, ಎಲ್ಲವನ್ನೂ ದಾಟಿಸುತ್ತಿತ್ತು. ರಸ್ತೆ ಇಲ್ಲವೇ ಅಂದರೆ ಇದೆ. ಆದರೆ ಸುತ್ತು ಹಾಕಿ ಹೋಗಿ ಬರುವಷ್ಟರಲ್ಲಿ ಹೋದ ಕೆಲಸವೇ ಮರೆತುಹೋಗುತ್ತದೆ. ದೋಣಿಯ ನಡುವೆ ಹಲಗೆ ಮುಚ್ಚಳದ ಒಂದು ಗೂಡು, ಗೂಡಿನೊಳಗೆ ಹಳೆಯ ಡೀಸಲ್ ಇಂಜಿನ್. ಒಂದು ಪೈಪಿನಿಂದ ಹೊಳೆಯ ನೀರನ್ನೇ ಎಳೆದುಕೊಂಡು ಮೈ ತಣ್ಣಗೆ ಮಾಡಿಕೊಳ್ಳುವುದು, ಇನ್ನೊಂದು ಪೈಪಿನಿಂದ ಹೊರಗೆ ಉಗುಳುವುದು, ಇದು ಅದರ ಸಂಸಾರ. ಹನುಮಣ್ಣ ಅದರ ಪಕ್ಕದಲ್ಲಿ ಕೂತು ಕೂತು ಕಿವಿ ಸ್ವಲ್ಪ ಮಂದ ಮಾಡಿಕೊಂಡಿದ್ದ. ಆ ಮಂದಗಿವಿಯ ಬಗ್ಗೆಯೂ ಅವನಿಗೆ ಅಭಿಮಾನವೇ ಇತ್ತು.

ಇಂಥ ದೋಣಿ ಒಂದು ದಿನ ನಡುಹೊಳೆಯಲ್ಲಿ ನಿಂತುಬಿಟ್ಟಿತು. ನಿಲ್ಲಲಿ, ಇಂಜಿನ್ ಅಂದಮೇಲೆ ನಿಲ್ಲುತ್ತದೆ. ಆದರೆ ಅದು ನಿಂತದ್ದು ದೋಣಿ ಕಮಿಟಿಯ ಅಧ್ಯಕ್ಷ ಗುರುಬಸವರಾಜರು ಜರಿಪಟ್ಟಿಯ ಶಲ್ಯ ಹೊದ್ದು ಬೀಗರ ಮದುವೆಗೆ ಹೊರಟಾಗ. ಗೂಡಿನಿಂದ ಬುಸುಬುಸು ಹಬೆ ಬಂತು. ಹನುಮಣ್ಣ ಮುಚ್ಚಳ ತೆಗೆದು ನೋಡಿದರೆ ತಳದಲ್ಲಿ ನೀರು, ನೀರಿನ ಮೇಲೆ ಎಣ್ಣೆಯ ಬಣ್ಣ. ಇಂಜಿನ್ ಮುಟ್ಟಿದರೆ ಬೆರಳು ಚುರ್ರೆಂದಿತು. ದೋಣಿ ಹೊಳೆ ಕರೆದುಕೊಂಡು ಹೋದತ್ತ ಮೆಲ್ಲಗೆ ಹೊರಟಿತು. ಅಧ್ಯಕ್ಷರು ಶಲ್ಯ ಬೀಸಿ ಬೀಸಿ ದಂಡೆಯವರನ್ನು ಕರೆದರು. ಕೊನೆಗೆ ಹೊಸ ಫೈಬರ್ ದೋಣಿ ತಂದು, ದಿನಾ ಅದನ್ನು ತೊಳೆಯುತ್ತ, ಒಂದು ಅವಕಾಶಕ್ಕಾಗಿ ಕಾಯುತ್ತಿದ್ದ ಹಂಪೇಶ ಬಂದು ಹಗ್ಗ ಕಟ್ಟಿ ಎಳೆದುಕೊಂಡು ಹೋದ. ಅಧ್ಯಕ್ಷರು ಮದುವೆ ಮನೆ ಮುಟ್ಟಿದಾಗ ತಾಳಿ ಕಟ್ಟಿ ಅಕ್ಕಿಕಾಳು ಬಿದ್ದಾಗಿತ್ತು, ಊಟವಾಗಿತ್ತು, ಎಲೆ ಎತ್ತುತ್ತಿದ್ದರು. ಅಕ್ಕಿಕಾಳಿನದು ಹೋಗಲಿ, ಊಟ ತಪ್ಪಿದ್ದನ್ನು ಅವರು ಕ್ಷಮಿಸಲಿಲ್ಲ.

"ಹನುಮಾ," ಅಂದರು ಸಂಜೆ ದೋಣಿ ನಿಲ್ಲುವ ಘಾಟಿನಲ್ಲಿ ಎಲ್ಲರ ಮುಂದೆ, "ಐತವಾರ ನಾನು ಬರತೀನಿ, ಕಮಿಟಿಯವರೂ ಬರತಾರ. ಆಚಿ ದಂಡಿಗೆ ಹೋಗಿ ಈಚಿ ದಂಡಿಗೆ ನಿಲ್ಲದಂಗ ಬಂದ್ರ ಘಾಟು ನಿಂದು. ನಡುವ ನಿಂತ್ರ, ಸೋಮವಾರದಿಂದ ಇಲ್ಲಿ ಹಂಪೇಶನ ದೋಣಿ ನಿಲ್ಲತೈತಿ. ನೀ ಮನ್ಯಾಗ ಕುಂದ್ರು."

ಹಂಪೇಶ ತನ್ನ ದೋಣಿಯ ಮೂತಿಯನ್ನು ಇನ್ನೊಂದು ಸಲ ಒರೆಸಿದ.

ಮನೆಯಲ್ಲಿ ಕೂರುವುದು! ದೋಣಿ ಬಿಟ್ಟರೆ ಹನುಮಣ್ಣನಿಗೆ ಬೇರೆ ಏನೂ ಬರುತ್ತಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ದೋಣಿ ಇಲ್ಲದ ಹನುಮಣ್ಣನನ್ನು ಊರಲ್ಲಿ ಏನಂತ ಕರೆಯಬೇಕು? ಬರೀ ಹನುಮಣ್ಣ ಅಂದರೆ ಊರಲ್ಲಿ ಓಣಿಗೊಬ್ಬ ಇದ್ದ.

ಹೆಂಡತಿ ಎರ್ರೆಮ್ಮನ ಮುಂದೆ ಅಂದು ಅವನು ರೊಟ್ಟಿ ಮುರಿಯುತ್ತ ಕೂತ, ಬಾಯಿಗೆ ಹಾಕಲಿಲ್ಲ. ಎರ್ರೆಮ್ಮ ಅವನ ಸೋದರಮಾವನ ಮಗಳು. ಚಿಕ್ಕವಳಿದ್ದಾಗಿನಿಂದ ಅವನನ್ನು "ಲೇ ಹನುಮ್ಯಾ" ಅಂತಲೇ ಕರೆದವಳು. ತಾಳಿ ಕಟ್ಟಿದ ಮೇಲೆ "ಲೇ" ಬಿಟ್ಟಿದ್ದಳು, ಗಂಡನಿಗೆ ಸಿಕ್ಕ ಮರ್ಯಾದೆ ಅಷ್ಟೇ.

"ಯಾಕ, ನಾಲಿಗಿ ಕೆಟ್ಟೈತೇನು?" ಅಂದಳು.

"ಇಂಜಿನ್ನಿಗೆ ಉಷ್ಣ ಭಾಳ ಆಗೇತಿ, ಎರ್ರಿ. ಮುಟ್ಟಾಕ ಆಗವಲ್ದು. ಒಳಗಿಂದ ಏನೋ ಸೋರಾಕತ್ತೈತಿ. ಹಿಂಗ ಬಿಟ್ರ ಅದು ಉಳಿಯಂಗಿಲ್ಲ, ನಾ ಮನ್ಯಾಗ ಕುಂದ್ರಬೇಕಾಕ್ಕೈತಿ."

"ಉಷ್ಣ ಆದ್ರ ಸೋರದ ಮತ್ತೇನು ಮಾಡೀತು," ಅಂದು ಎರ್ರೆಮ್ಮ ಒಳಗೆ ಹೋದಳು. ಅವಳಿಗೆ ತನ್ನ ಚಿಂತೆ ನಾಟಲಿಲ್ಲ ಅಂತ ಹನುಮಣ್ಣನಿಗೆ ಬೇಜಾರಾಯಿತು.

ಮರುದಿನ ಹಿರೇಹಡಗಲಿಯಿಂದ ಗುರುಮೂರ್ತಿ ಬಂದ. ಟ್ರ್ಯಾಕ್ಟರ್ ಮೇಸ್ತ್ರಿ. ದೋಣಿ ಮೇಸ್ತ್ರಿ ಅಂತ ಬೇರೆ ಜಾತಿ ನಮ್ಮ ಕಡೆ ಇಲ್ಲ. ಗುರುಮೂರ್ತಿ ಕೈಯಲ್ಲಿ ಬೋಲ್ಟ್ ತಿರುಗಿಸುವ ಪಾನೆ, ಬಾಯಲ್ಲಿ ಭರವಸೆ ಹಿಡಿದು ಬಂದವನು ದೋಣಿಯೊಳಗೆ ಕಾಲಿಟ್ಟ ಕೂಡಲೇ ಎರಡನ್ನೂ ಬಿಟ್ಟು ಅಂಚನ್ನು ಹಿಡಿದುಕೊಂಡ.

"ಹನುಮಣ್ಣಾರ, ಟ್ರ್ಯಾಕ್ಟರ್ ಕೆಟ್ರ ಅದರ ಕೆಳಗ ಮಲಗಿ ನೋಡತೀವಿ. ಇದರ ಕೆಳಗ ಹೆಂಗ ಮಲಗಲಿ?"

"ಮಲಗಬ್ಯಾಡ್ರಿ ಮೇಸ್ತ್ರಿ. ಬಗ್ಗಿ ನೋಡ್ರಿ."

ಆದರೂ ಗುರುಮೂರ್ತಿ ಕೆಲಸ ಬಲ್ಲವನು. ಸೋರುವುದನ್ನು ಹಿಡಿಯಬೇಕಾದರೆ ಮೊದಲು ಎಲ್ಲವನ್ನೂ ಒಣಗಿಸಬೇಕು ಅಂದ. ಇಬ್ಬರೂ ಸೇರಿ ಗೂಡಿನ ತಳದ ನೀರನ್ನು ಚಂಬಿನಲ್ಲಿ ಎತ್ತಿ ಚೆಲ್ಲಿದರು, ಸೀಮೆಎಣ್ಣೆ ಹಚ್ಚಿದ ಬಟ್ಟೆಯಲ್ಲಿ ಇಂಜಿನ್ನಿನ ಮೈ ತಿಕ್ಕಿದರು, ಒಣಬಟ್ಟೆಯಲ್ಲಿ ಒರೆಸಿದರು. ಕೆಳಗೆ ಹಳೆಯ ಪೇಪರ್ ಹಾಸಿದರು. ಪೇಪರಿನ ಮೇಲೆ ಎಲ್ಲಿ ಹನಿ ಬೀಳುತ್ತದೋ ಅದರ ನೇರಕ್ಕೆ ಮೇಲೆ ಕಳ್ಳ ಇರುತ್ತಾನೆ, ಕರಿ ಕಲೆಯಾದರೆ ಆಯಿಲ್, ಮೂಗಿಗೆ ಹೊಡೆದರೆ ಡೀಸಲ್, ಎರಡೂ ಇಲ್ಲದಿದ್ದರೆ ನೀರು. ಕೇಳಲು ಭಾಳ ಚಂದ ಇತ್ತು.

ನಡುನಡುವೆ ನಿಲ್ಲಿಸಿ ಇಂಜಿನ್ ತಣಿಸಿಕೊಳ್ಳುತ್ತ ಆಚೆ ದಂಡೆಗೆ ಹೋಗಿ ಬಂದು ಮುಚ್ಚಳ ತೆಗೆದರು. ಹಿಂದಿನ ಮೂಲೆಯ ಪೇಪರೆಲ್ಲ ತೊಯ್ದು ಮುದ್ದೆಯಾಗಿತ್ತು. ಹನಿಯ ಗುರುತೇ ಇಲ್ಲ, ಯಾರೋ ಚಿಮುಕಿಸಿದ ಹಾಗೆ. ಮೇಲೆ ಎಲ್ಲಿಂದ ಅಂತ ಬಗ್ಗಿ ನೋಡಿದರೆ ಹೊಗೆ ಕೊಳವೆಯ ಹಿಂದೆ ಕತ್ತಲೆ. ಕಣ್ಣು ಹೋಗುವುದಿಲ್ಲ, ಕೈ ಹೋದರೆ ಸುಡುತ್ತದೆ. "ಆರಲಿ, ಊಟ ಮಾಡಿ ನೋಡೋಣ," ಅಂದ ಗುರುಮೂರ್ತಿ. ಊಟದ ಹೊತ್ತಿಗೆ ನೋಡೋಣ ಅನ್ನುವ ಮೇಸ್ತ್ರಿ ಎಲ್ಲ ಊರಲ್ಲೂ ಇರುತ್ತಾನೆ.

ಎರ್ರೆಮ್ಮ ಬುತ್ತಿ ತಂದಿದ್ದಳು. ಬೇವಿನ ಮರದ ಕೆಳಗೆ ರೊಟ್ಟಿ, ಪುಂಡಿಪಲ್ಯ, ಕೆಂಪು ಖಾರ, ಮಜ್ಜಿಗೆ. ಇಬ್ಬರೂ ಉಂಡರು. ಎರ್ರೆಮ್ಮ ಪಾತ್ರೆ ತೊಳೆಯಲು ಹೊಳೆಗಿಳಿದಳು. ಗುರುಮೂರ್ತಿ ಸ್ವಲ್ಪ ಕಣ್ಣು ಮುಚ್ಚಿದ. ಆಮೇಲೆ ಹೋಗಿ ಮುಚ್ಚಳ ತೆಗೆದವನು "ಅಯ್ಯಯ್ಯೋ" ಅಂದ.

ಇಂಜಿನ್ನಿನ ಮೈಮೇಲಿಂದ ಬೆಳ್ಳಗೆ, ಜಿಡ್ಡು ಜಿಡ್ಡಾಗಿ ಏನೋ ಇಳಿದು ಪೇಪರಿನ ಮೇಲೆ ಮಡುಗಟ್ಟಿತ್ತು.

"ಹೋತ್ರಿ ಹನುಮಣ್ಣಾರ. ಆಯಿಲ್ ಮಜ್ಜಿಗಿ ಆಗೇತಿ."

ಮಜ್ಜಿಗೆಯಾಗುವುದು ಅಂದರೆ ಮೇಸ್ತ್ರಿಗಳ ಬಾಯಲ್ಲಿ ಬಹಳ ಕೆಟ್ಟ ಮಾತು. ಇಂಜಿನ್ನಿನ ಹೊಟ್ಟೆಯೊಳಗೆ ಪದರ ಹರಿದು, ನೀರು ಆಯಿಲಿನ ಮನೆಗೆ ನುಗ್ಗಿ, ಎರಡೂ ಕಡೆದು ಬೆಳ್ಳಗಾದರೆ ಹಾಗನ್ನುತ್ತಾರೆ. ಆಗ ಇಂಜಿನ್ನಿನ ತಲೆ ಬಿಚ್ಚಬೇಕು, ಹೊತ್ತು ಹಡಗಲಿ ಪೇಟೆಗೆ ಒಯ್ಯಬೇಕು. ಐತವಾರದ ಮಾತು ಬಿಡಿ, ಮುಂದಿನ ಅಮಾವಾಸ್ಯೆಯನ್ನೂ ಕೇಳುವ ಹಾಗಿಲ್ಲ.

ಗುರುಮೂರ್ತಿ ಆಯಿಲ್ ನೋಡುವ ಕಡ್ಡಿ ಎಳೆದು ನೋಡಿದ. ಕಡ್ಡಿಯ ಮೇಲೆ ಆಯಿಲ್ ಕರ್ರಗೆ, ಮಿರಿಮಿರಿ ಮಿಂಚುತ್ತಿತ್ತು. ತಲೆ ಕೆರೆದುಕೊಂಡ. "ಒಳಗ ಚಲೋ ಐತಿ. ಹೊರಗ ಮಜ್ಜಿಗಿ. ಇಂಥಾದ್ದನ್ನ ನನ್ನ ಸರ್ವಿಸ್ಸಿನಾಗ ನೋಡಿಲ್ರಿ."

"ನಾಲಿಗಿ ಹಚ್ಚಿ ನೋಡೋ ಹನುಮಣ್ಣ," ಅಂದರು ದಂಡೆಯಲ್ಲಿ ನಿಂತವರು.

ಹನುಮಣ್ಣ ಹಚ್ಚಲಿಲ್ಲ. ಅವನಿಗೆ ಹೆದರಿಕೆಯಾಗಿತ್ತು. ಮೇಸ್ತ್ರಿಯ ಕಣ್ಣು ತಪ್ಪಬಹುದು, ಕಡ್ಡಿ ತಪ್ಪಬಹುದು, ತನ್ನ ನಾಲಿಗೆ ತಪ್ಪುವುದಿಲ್ಲ. ನಾಲಿಗೆಯೂ ಹೌದು ಅಂದುಬಿಟ್ಟರೆ ಮುಂದೆ ಆಸೆಗೆ ಜಾಗ ಎಲ್ಲಿ? "ಇವತ್ತು ಬಾಯಿ ಹುಣ್ಣಾಗೇತಿ," ಅಂದ.

ಮರುದಿನವೂ ಅದೇ ಕತೆ. ಬೆಳಿಗ್ಗೆ ಒರೆಸಿದರೆ ಶುದ್ಧ, ಊಟ ಮಾಡಿ ಬಂದರೆ ಬಿಳಿ ಜಿಡ್ಡು. ಊರವರಿಗೆ ಹಬ್ಬ. ಒಬ್ಬರು ಹೊಳೆಯ ನೊರೆ ಒಳಗೆ ಬರುತ್ತಿದೆ ಅಂದರು. ಇನ್ನೊಬ್ಬರು ಇಂಜಿನ್ನಿಗೆ ಮುಟ್ಟುದೋಷ ಅಂದರು. ಹನುಮಣ್ಣನಿಗೆ ಮಾತ್ರ ಗುಮಾನಿ ಹಂಪೇಶನ ಮೇಲೆ. ಅವನೇ ಏನೋ ತಂದು ಸುರಿಯುತ್ತಿದ್ದಾನೆ! ಹಾಗಾಗಿ ಆ ದಿನ ಮಧ್ಯಾಹ್ನ ಹಂಪೇಶನ ಕಡೆಗೆ ಮುಖ ಮಾಡಿ ಕೂತು, ಅವನ ಮೇಲಿನ ಕಣ್ಣು ಕೀಳದೆ ರೊಟ್ಟಿ ತಿಂದ. ಹಂಪೇಶನ ಕಡೆಗೆ ಮುಖ ಅಂದರೆ ತನ್ನ ದೋಣಿಗೆ ಬೆನ್ನು ಅನ್ನುವುದು ಅವನಿಗೆ ಹೊಳೆಯಲಿಲ್ಲ. ಹೊಳೆದದ್ದು ಇನ್ನೊಂದು. "ಎರ್ರಿ, ಮಜ್ಜಿಗಿ ಯಾಕ ಇಷ್ಟ ಕಮ್ಮಿ?" ಅಂದ.

"ಎಮ್ಮಿ ಅಷ್ಟ ಕೊಟ್ಟೈತಿ," ಅಂದಳು ಎರ್ರೆಮ್ಮ, ಪಾತ್ರೆ ಎತ್ತಿಕೊಂಡು ಹೊಳೆಗೆ ನಡೆದಳು.

ಶನಿವಾರ ಗುರುಮೂರ್ತಿ ಕೈ ಚೆಲ್ಲಿದ. ಮಧ್ಯಾಹ್ನ ಊಟಕ್ಕೆ ಮೊದಲೇ ತಲೆ ಬಿಚ್ಚಿಬಿಡೋಣ, ಒಳಗೆ ನೋಡದೆ ಬೇರೆ ದಾರಿ ಇಲ್ಲ ಅಂದ. ಬಿಚ್ಚಿದರೆ ನಾಳೆಗೆ ದೋಣಿ ಇಲ್ಲ ಅಂತ ಇಬ್ಬರಿಗೂ ಗೊತ್ತಿತ್ತು. ಪಾನೆಯ ಬಾಯಿ ಬೋಲ್ಟಿಗೆ ಕಚ್ಚಿಕೊಂಡಿತು. ಹನುಮಣ್ಣನಿಗೆ ತನ್ನದೇ ತಲೆಗೆ ಪಾನೆ ಹಾಕಿದಂತಾಯಿತು.

"ತಡೀರಿ ಮೇಸ್ತ್ರಿ."

ನಿನ್ನೆಯ ಬಿಳಿ ಜಿಡ್ಡು ಒಂದು ಸಂದಿಯಲ್ಲಿ ಇನ್ನೂ ಹಸಿಯಾಗಿ ಉಳಿದಿತ್ತು. ಹನುಮಣ್ಣ ಬೆರಳಿಗೆ ಹಚ್ಚಿಕೊಂಡ. ಮನೆದೇವರನ್ನು ನೆನೆದ. ನಾಲಿಗೆಗೆ ಮುಟ್ಟಿಸಿ ಕಣ್ಣು ಮುಚ್ಚಿದ.

ಉಗುಳಲಿಲ್ಲ. ಚಪ್ಪರಿಸಿದ. ಇನ್ನೊಂದು ಸಲ ಹಚ್ಚಿಕೊಂಡು ಮತ್ತೆ ಚಪ್ಪರಿಸಿದ.

"ಇಂಗು," ಅಂದ.

"ಏನ್ರಿ?"

"ಇಂಗು ಐತಿ. ಹಸಿಶುಂಠಿ ಐತಿ. ಕರಿಬೇವು." ಕಣ್ಣು ತೆರೆದ. "ಉಪ್ಪು ಒಂದು ಕಾಳು ಕಮ್ಮಿ ಆಗೇತಿ."

ಗುರುಮೂರ್ತಿ ಪಾನೆ ಕೆಳಗಿಟ್ಟು ಎರಡು ಹೆಜ್ಜೆ ಹಿಂದೆ ಸರಿದ. ಸರಿಯಲು ಅಷ್ಟೇ ಜಾಗ ಇತ್ತು. ಚಿಂತೆಯಲ್ಲಿ ತಲೆ ಕೆಟ್ಟವರನ್ನು ಅವನು ನೋಡಿದ್ದ, ಆದರೆ ಅವರೆಲ್ಲ ದಂಡೆಯ ಮೇಲಿದ್ದರು. "ಹನುಮಣ್ಣಾರ, ಸ್ವಲ್ಪ ನೆರಳಿಗೆ ಕುಂದ್ರೋಣು ಬರ್ರಿ."

"ಮೇಸ್ತ್ರಿ, ನೀವು ಹೇಳಿದ್ದು ಖರೇ. ಇದು ಮಜ್ಜಿಗೀನ. ನಮ್ಮ ಮನಿ ಮಜ್ಜಿಗಿ!"

ಅಷ್ಟರಲ್ಲಿ ಎರ್ರೆಮ್ಮ ತಲೆಯ ಮೇಲೆ ಬುತ್ತಿ ಹೊತ್ತು ಘಾಟಿಗೆ ಇಳಿದು ಬರುತ್ತಿದ್ದಳು. ಹನುಮಣ್ಣ ದೋಣಿಯಿಂದಲೇ ಕೂಗಿದ. "ಎರ್ರೀ! ಇಂಜಿನ್ನಿಗೆ ಮಜ್ಜಿಗಿ ಹಾಕಿದ್ಯಾ?"

ಘಾಟಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಎರ್ರೆಮ್ಮ ನಾಚಲಿಲ್ಲ, ಹೆದರಲಿಲ್ಲ. "ಹೂಂ. ಮತ್ತ?" ಅಂದಳು.

"ಮತ್ತ ಅಂದ್ರ?"

"ನೀನ ಹೇಳಿದ್ಯಲ್ಲ, ಉಷ್ಣ ಭಾಳ ಆಗೇತಿ, ಸೋರಾಕತ್ತೈತಿ ಅಂತ. ಉಷ್ಣ ಆದ್ರ ಏನು ಮಾಡತಾರ? ನೆತ್ತಿಗೆ ಹರಳೆಣ್ಣಿ, ಮೈಗೆ ಮಜ್ಜಿಗಿ. ನಿಮ್ಮವ್ವ ನಿನಗ ಮಾಡಿದ್ದು ನಾ ನೋಡಿಲ್ಲೇನು? ಮೊದಲ ದಿನ ಹಾಕಿದಾಗ ಸುಂಯ್ ಅಂತು ನೋಡು, ಅಷ್ಟು ಕಾದಿತ್ತು, ಪಾಪ. ಎರಡನೇ ದಿನಕ್ಕ ಸುಂಯ್ ಅನ್ನಾದು ಕಮ್ಮಿ ಆತು."

ಹರಳೆಣ್ಣೆ! ಜಿಡ್ಡಿನ ಲೆಕ್ಕವೂ ಸಿಕ್ಕಿತು. ಗುರುಮೂರ್ತಿ ನೆತ್ತಿ ಎಲ್ಲಿ ಅಂತ ಇಂಜಿನ್ನನ್ನೇ ನೋಡುತ್ತಿದ್ದ.

"ಕಬ್ಬಿಣಕ್ಕ ಉಷ್ಣ ಆಕ್ಕೈತೇನ, ಹುಚ್ಚಿ!" ಹನುಮಣ್ಣನಿಗೆ ಸಿಟ್ಟು ಬಂದಿತ್ತು. ಮೂರು ದಿನ ಹಾಳಾಗಿತ್ತು, ನಾಳೆ ಐತವಾರ. "ನನ್ನ ಕೇಳಬಾರದಿತ್ತಾ? ನನ್ನ ಘಾಟು ಹೋದ್ರ ನಿನಗೇನು!"

ಈಗ ಎರ್ರೆಮ್ಮನಿಗೂ ಸಿಟ್ಟು ಬಂತು. ಬುತ್ತಿಯನ್ನು ಕಲ್ಲಿನ ಮೇಲೆ ಕುಕ್ಕಿದಳು.

"ನನಗೇನಾ? ನಿನ್ನ ಘಾಟು ಹೋದ್ರ ನೀ ಎಲ್ಲಿ ಕುಂದ್ರತಿ? ಮನ್ಯಾಗ! ಮಳಿಗಾಲದಾಗ ಹೊಳಿ ತುಂಬಿ ದೋಣಿ ನಿಂತಾಗ ನಾ ಪಟ್ಟ ಪಾಡು ನನಗ ಗೊತ್ತು. ಸಾರಿಗೆ ಬೆರಳು, ಪಲ್ಯಕ್ಕ ಬೆರಳು, ಹಾಲಿಗೆ ಬೆರಳು. ಉಪ್ಪು ಒಂದು ಕಾಳು ಹೆಚ್ಚು, ಒಂದು ಕಾಳು ಕಮ್ಮಿ! ವರ್ಷಾನುಗಟ್ಟಲೆ ನೀ ಹಂಗ ಕುಂತ್ರ ನಾ ಎಲ್ಲಿಗಿ ಹೋಗಲಿ? ಅದಕ್ಕ ಹಾಕಿದೆ. ಈ ಇಂಜಿನ್ ಚಲೋ ಇರಲಿ, ಇಂವ ಹೊಳ್ಯಾಗ ಇರಲಿ, ನಾ ಮನ್ಯಾಗ ನೆಮ್ಮದಿ ಇರತೀನಿ ಅಂತ!"

ಘಾಟು ಬಿದ್ದು ಬಿದ್ದು ನಕ್ಕಿತು. ಹಂಪೇಶ ತೊಳೆಯುವುದನ್ನು ಬಿಟ್ಟು ನಕ್ಕ. ಹನುಮಣ್ಣನ ಮುಖ ಹುಣಸೆಹಣ್ಣು ತಿಂದವನಂತಾಯಿತು. ನಗುವವರಿಗೆ ಬೆನ್ನು ಹಾಕಿ ಒರೆಸುವ ಬಟ್ಟೆ ತೆಗೆದುಕೊಂಡ. ಮೊದಲು ಈ ಮಜ್ಜಿಗೆಯನ್ನು ತಿಕ್ಕಿ ತೆಗೆಯಬೇಕು, ಆಮೇಲೆ ಹೊಳೆಗೆ ಬಿದ್ದು ಸಾಯಬೇಕು ಅನ್ನಿಸಿತು.

"ಒರೆಸಬ್ಯಾಡ್ರಿ!" ಅಂತ ಕೂಗಿದ ಗುರುಮೂರ್ತಿ. ಕೂಗಿದವನು ಅಂಚು ಹಿಡಿಯುವುದನ್ನೂ ಮರೆತು ಗೂಡಿನೊಳಗೆ ಬಗ್ಗಿಬಿಟ್ಟಿದ್ದ. "ಇಲ್ಲಿ ನೋಡ್ರಿ."

ಕಾದ ಇಂಜಿನ್ನಿನ ಮೇಲೆ ಮಜ್ಜಿಗೆ ಒಣಗಿ, ಗೋಡೆಗೆ ಸುಣ್ಣ ಬಳಿದ ಹಾಗೆ ಬೆಳ್ಳಗೆ ಹತ್ತಿಕೊಂಡಿತ್ತು. ಹೇಗೂ ಬಿಚ್ಚುವುದಿದೆಯಲ್ಲ ಅಂತ ಅಂದು ಬೆಳಿಗ್ಗೆ ಇಬ್ಬರೂ ಸರಿಯಾಗಿ ಒರೆಸಿರಲಿಲ್ಲ. ಹಾಗೆಯೇ ಒಂದು ಸಲ ಆಚೆ ದಂಡೆಗೆ ಹೋಗಿ ಬಂದಿದ್ದರು. ಆ ಬಿಳಿಯ ನಡುವೆ, ಹಿಂಭಾಗದಲ್ಲಿ, ಬೆರಳಗಲದ ಒಂದು ಗೆರೆ ಮಾತ್ರ ತೊಳೆದಿಟ್ಟಂತೆ ಕರ್ರಗಿತ್ತು. ಮಜ್ಜಿಗೆಯನ್ನು ನೀರು ತೊಳೆದುಕೊಂಡು ಹೋದ ದಾರಿ ಅದು. ಗೆರೆ ಮೇಲೆ ಮೇಲೆ ಹೋಗಿ ಹೊಗೆ ಕೊಳವೆಯ ಹಿಂದಿನ ಕತ್ತಲೆಯಲ್ಲಿ ಸೇರಿತ್ತು.

ಗುರುಮೂರ್ತಿ ದಂಡೆಗೆ ಹಾರಿ ತನ್ನ ಮೋಟಾರ್ ಸೈಕಲ್ಲಿನ ಕನ್ನಡಿ ಬಿಚ್ಚಿ ತಂದ. ಕೊಳವೆಯ ಹಿಂದೆ ಹಿಡಿದು, ಹನುಮಣ್ಣನ ಮೊಬೈಲಿನ ಬೆಳಕು ಬಿಟ್ಟು ನೋಡಿದ. ಪಂಪಿನಿಂದ ಇಂಜಿನ್ನಿಗೆ ನೀರು ಒಯ್ಯುವ ರಬ್ಬರ್ ಪೈಪು ಕ್ಲಿಪ್ಪಿನ ಬುಡದಲ್ಲಿ ಉಗುರಿನಷ್ಟು ಸೀಳಿತ್ತು. ಇಂಜಿನ್ ಓಡಿದಾಗ ಮಾತ್ರ ಸೀಳು ಬಾಯಿ ಬಿಟ್ಟು, ಇಂಜಿನ್ನಿಗೆ ಹೋಗಬೇಕಾದ ನೀರು ಗೂಡಿಗೆ ಚಿಮುಕುತ್ತಿತ್ತು. ನೀರು ಸಿಗದ ಇಂಜಿನ್ ಕಾಯದೆ ಇನ್ನೇನು ಮಾಡೀತು? ಮೊದಲ ದಿನದ ಎಣ್ಣೆಯ ಬಣ್ಣ ತಳದಲ್ಲಿ ಮೊದಲೇ ಇದ್ದ ಕೊಳೆಯದು. ಸೋರುತ್ತಿದ್ದದ್ದು ಬರೀ ನೀರು.

ಸೀಳನ್ನು ಕೊಯ್ದು, ಪೈಪನ್ನು ಎಳೆದು ಹೊಸ ಕ್ಲಿಪ್ಪು ಬಿಗಿಯಲು ಗುರುಮೂರ್ತಿಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಬಿಗಿದು ಕೈ ತೊಳೆದು, ಎರ್ರೆಮ್ಮನ ಬುತ್ತಿಯ ಮುಂದೆ ಕೂತು, "ಯಕ್ಕಾ, ಟ್ರ್ಯಾಕ್ಟರ್ ಸೋರಿದ್ರೂ ಇನ್ನ ನಾ ಇದನ್ನ ಹಾಕಿ ನೋಡತೀನಿ," ಅಂದ.

"ಹರಳೆಣ್ಣಿ ಮರೀಬ್ಯಾಡಪಾ," ಅಂದಳು ಎರ್ರೆಮ್ಮ. ಗಂಡನ ಕಡೆ ನೋಡಲಿಲ್ಲ. ಗಂಡನೂ ಅವಳ ಕಡೆ ನೋಡಲಿಲ್ಲ, ಆದರೆ ಉಪ್ಪಿನ ಮಾತೆತ್ತದೆ ಮಜ್ಜಿಗೆ ಕುಡಿದ.

ಐತವಾರ ಕಮಿಟಿ ದೋಣಿ ಹತ್ತಿತು. ಅಧ್ಯಕ್ಷರು ಈ ಸಲ ಶಲ್ಯ ಹೊದೆಯದೆ ಬಂದಿದ್ದರು. ಹಂಪೇಶ ಎಳೆಯುವ ಹಗ್ಗವನ್ನು ಸುರುಳಿ ಸುತ್ತಿ ಎಲ್ಲರಿಗೂ ಕಾಣುವ ಹಾಗೆ ಇಟ್ಟುಕೊಂಡಿದ್ದ. ಹನುಮಣ್ಣ ಮನೆದೇವರನ್ನು ಇನ್ನೊಂದು ಸಲ ನೆನೆದು ಇಂಜಿನ್ ಶುರು ಮಾಡಿದ. ದಂಡೆಯ ಕಲ್ಲಿನ ಮೇಲೆ ಎರ್ರೆಮ್ಮ ಸೆರಗು ಹಲ್ಲಲ್ಲಿ ಕಚ್ಚಿ ನಿಂತಿದ್ದಳು.

ನಡುಹೊಳೆ ಬಂತು. ಇಂಜಿನ್ ಚೆನ್ನಾಗಿ ಬಿಸಿಯಾಯಿತು. ಎಷ್ಟು ತಿಕ್ಕಿದರೂ ಸಂದಿಗೊಂದಿಗಳಲ್ಲಿ ಉಳಿದಿದ್ದ ಇಂಗು, ಕರಿಬೇವು, ಹರಳೆಣ್ಣೆಗೆ ಬಿಸಿ ತಾಗಿ ಗೂಡಿನಿಂದ ಘಮ್ಮೆಂದು ವಾಸನೆ ಎದ್ದಿತು.

"ಯಾರೋ ಒಗ್ಗರಣಿ ಹಾಕ್ಯಾರ," ಅಂದರು ಅಧ್ಯಕ್ಷರು ಮೂಗರಳಿಸಿ. ಸುತ್ತ ನೋಡಿದರು. ಸುತ್ತ ನೀರು.

"ಹೌದ್ರಿ, ಬರತೈತಿ," ಅಂದರು ಕಮಿಟಿಯವರು. ಯಾರದೋ ಹೊಟ್ಟೆ ಗುರ್ರ್ ಅಂದಿತು. ಹನುಮಣ್ಣ ಇಂಜಿನ್ನೇ ಗುರ್ರೆಂದಿತು ಅಂದುಕೊಂಡು ಬೆವತ. ಇಲ್ಲ, ಪಕ್ಕದ ಪೈಪಿನಿಂದ ನೀರು ತೋಳಿನಷ್ಟು ದಪ್ಪಕ್ಕೆ ಹೊರಗೆ ಬೀಳುತ್ತಿತ್ತು. ದೋಣಿ ಆಚೆ ದಂಡೆ ಮುಟ್ಟಿತು. ಇಳಿದು ನೋಡಿ ಬರೋಣ ಅಂತ ಯಾರೂ ಅನ್ನಲಿಲ್ಲ. "ತಿರುಗಿಸೋ, ತಿರುಗಿಸೋ, ಊಟದ ಹೊತ್ತಾತು," ಅಂದರು ಅಧ್ಯಕ್ಷರು. ದೋಣಿ ಎಲ್ಲೂ ನಿಲ್ಲದೆ ಈಚೆ ದಂಡೆಗೆ ಬಂತು.

ನಡೆದದ್ದನ್ನೆಲ್ಲ ಗುರುಮೂರ್ತಿ ದಂಡೆಯಲ್ಲಿ ರಂಗಾಗಿ ಹೇಳಿದ. ಅಧ್ಯಕ್ಷರು ನಕ್ಕು ನಕ್ಕು ಕಣ್ಣೊರೆಸಿಕೊಂಡು ಗಂಭೀರರಾದರು.

"ಘಾಟು ಹನುಮಂದ," ಅಂದರು. ಹನುಮಣ್ಣನಿಗೆ ಕಣ್ಣು ತುಂಬಿ ಬಂತು. ಅಳುವುದನ್ನು ತಡೆಯಲು ಹಗ್ಗ ಕಟ್ಟುವವನಂತೆ ಬಗ್ಗಿದ. "ಆದ್ರ ಒಂದು ಮಾತು. ಸೋರಿದ್ದನ್ನ ಹಿಡದಾಕಿ ಎರ್ರೆಮ್ಮ. ಇವತ್ತಿಂದ ಇಂಜಿನ್ ಗೂಡು ಆಕಿ ಜವಾಬ್ದಾರಿ. ಮುಂಜಾನಿಂದ ಸಂಜಿತನಕ ಆಕಿ ದೋಣ್ಯಾಗ ಇರಬೇಕು. ಮಜ್ಜಿಗಿ ಮಾತ್ರ ಮಂದಿಗೆ ಕೊಡಲಿ, ಇಂಜಿನ್ನಿಗೆ ಬ್ಯಾಡ."

ಎಲ್ಲರೂ ಚಪ್ಪಾಳೆ ತಟ್ಟಿದರು. ಎರ್ರೆಮ್ಮನ ಮುಖ ಬಿಳುಚಿಕೊಂಡಿತು.

"ಯಾಕ್ರೀ ಅಧ್ಯಕ್ಷರ," ಅಂದಳು, "ನಾ ಏನು ತಪ್ಪು ಮಾಡೀನಿ?"

ಯಾರೂ ಕೇಳಿಸಿಕೊಳ್ಳಲಿಲ್ಲ. ಕಮಿಟಿ ಊಟಕ್ಕೆ ಹೊರಟಿತ್ತು.

ಸೋಮವಾರ ಬೆಳಿಗ್ಗೆ ಎರ್ರೆಮ್ಮ ಮಜ್ಜಿಗೆಯ ಗಡಿಗೆ ತೊಡೆಯ ಮೇಲಿಟ್ಟುಕೊಂಡು ಗೂಡಿನ ಮುಚ್ಚಳದ ಮೇಲೆ ಕೂತಳು. ಮನೆಯಲ್ಲಾದರೆ ಹಿತ್ತಿಲಿಗೆ ಹೋಗಬಹುದಿತ್ತು, ನೆರೆಮನೆಗೆ ಹೋಗಬಹುದಿತ್ತು. ಇಲ್ಲಿ ಹನುಮಣ್ಣನಿಂದ ತಪ್ಪಿಸಿಕೊಳ್ಳಲು ಹೊಳೆಯೊಂದೇ ದಾರಿ, ಅವಳಿಗೆ ಈಜು ಬರುತ್ತಿರಲಿಲ್ಲ. ಮದುವೆಯಾಗಿ ಇಷ್ಟು ವರ್ಷವಾದರೂ ಅವಳು ಗಂಡನ ದೋಣಿಯಲ್ಲಿ ಹೊಳೆ ದಾಟಿದ್ದು ಅದೇ ಮೊದಲು. ನಡುಹೊಳೆ ಹತ್ತಿರವಾದಂತೆ ಗಡಿಗೆಯನ್ನು ಇನ್ನಷ್ಟು ಬಿಗಿಯಾಗಿ ಅಪ್ಪಿಕೊಂಡಳು, ಆದರೂ ಕತ್ತು ಆ ಕಡೆ ಈ ಕಡೆ ಹೊರಳಿಸಿ ನೋಡುತ್ತಲೇ ಇದ್ದಳು. ಹನುಮಣ್ಣನಿಗೆ ಎಂದೂ ಇಲ್ಲದ ಖುಷಿಯಾಯಿತು. ಇದನ್ನು ಇಷ್ಟು ವರ್ಷ ಇವಳಿಗೆ ಯಾಕೆ ತೋರಿಸಲಿಲ್ಲ ಅಂತ ನಾಚಿಕೆಯೂ ಆಯಿತು. ಇಂಜಿನ್ನಿನ ವೇಗ ತಗ್ಗಿಸಿದ.

"ಯಾಕ ಮೆಲ್ಲಕ ಹೊಂಟಿ? ಮತ್ತ ಕೆಟ್ಟತೇನು?" ಅಂದಳು ಎರ್ರೆಮ್ಮ.

"ಇಲ್ಲ, ಚಲೋ ಐತಿ."

"ಮತ್ತ? ಮಂದಿ ಕಾಯಾಕತ್ತಾರ ಅಲ್ಲಿ."

"ಕಾಯಲಿ ಬಿಡು," ಅಂದ ಹನುಮಣ್ಣ. ಎರ್ರೆಮ್ಮ ಏನೋ ಬೈಯಲು ಬಾಯಿ ತೆರೆದಳು, ಆಮೇಲೆ ಬೇಡ ಅನ್ನಿಸಿ ಹೊಳೆಯ ಕಡೆ ತಿರುಗಿದಳು.